ಆಕಸ್ಮಿಕ ವಿಷಸೇವನೆ: ಯಂತ್ರ ಕೇಳುವ ಪ್ರಶ್ನೆ, ನಮ್ಮಲ್ಲಿರಬೇಕಾದ ಉತ್ತರ

ಮೈಲುತುತ್ತ, ಕೀಟನಾಶಕ, ಕಳೆನಾಶಕ ಇವು ಯಾವುದೂ ಇಲ್ಲದ ತೋಟದ ಮನೆ ಇಂದು ವಿರಳ. ಮಕ್ಕಳಾಗಲಿ ಕೆಲಸದವರಾಗಲಿ ತಿಳಿಯದೆ ಇವನ್ನು ಸೇವಿಸಿದರೆ ಮೊದಲು ಮಾಡತಕ್ಕದ್ದೇನೆಂಬುದನ್ನು ಸದಸ್ಯ ಬಾಂಧವರು ಅರಿತಿರುವುದು ಅವಶ್ಯ.

ಅಮೆರಿಕದ ವಾಷಿಂಗ್ಟನ್ ನಗರದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ ಇದಕ್ಕಾಗಿ ಅಂತರ್ಜಾಲದಲ್ಲಿ 'ವೆಬ್ ಪಾಯ್ಸನ್ ಕಂಟ್ರೋಲ್' ಎಂಬ ಸ್ವಯಂಚಾಲಿತ ವ್ಯವಸ್ಥೆಯನ್ನು ರೂಪಿಸಿದೆ. ಸೇವಿಸಿದ್ದು ಯಾವ ವಸ್ತು, ಎಷ್ಟು, ಯಾವಾಗ, ಸೇವಿಸಿದವರ ವಯಸ್ಸು ಮತ್ತು ತೂಕವೆಷ್ಟು ಎಂದು ಅದು ಒಂದೊಂದಾಗಿ ಕೇಳುತ್ತದೆ. ಉತ್ತರ ನೋಡಿ, ಮನೆಯಲ್ಲೇ ಇರಬಹುದೇ, ತಜ್ಞರಿಗೆ ದೂರವಾಣಿ ಮಾಡಬೇಕೇ, ಆಸ್ಪತ್ರೆಗೆ ಹೊರಡಬೇಕೇ ಎಂದು ತಿಳಿಸುತ್ತದೆ.

ಆದರೆ ಅದು ಎಲ್ಲರಿಗೂ ಸಲಹೆ ಕೊಡುವುದಿಲ್ಲ. ವಯಸ್ಸು 6 ತಿಂಗಳಿಂದ 79 ವರ್ಷದೊಳಗಿರಬೇಕು, ಆರೋಗ್ಯವಂತರಾಗಿರಬೇಕು, ಗರ್ಭಿಣಿಯಾಗಿರಬಾರದು, ಸೇವಿಸಿದ್ದು ಒಂದೇ ವಸ್ತುವಾಗಿರಬೇಕು, ವಿಷದ ಲಕ್ಷಣ ಕಾಣಿಸಿರಬಾರದು. ಇದರಲ್ಲಿ ಒಂದು ತಪ್ಪಿದರೂ ಯಂತ್ರ ಹಿಂದೆ ಸರಿದು ತಜ್ಞರತ್ತ ಕಳುಹಿಸುತ್ತದೆ. ಈಗ ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರಗಳು ಬಂದಿವೆ. ಅವು ಹೀಗೆ ಹಿಂದೆ ಸರಿಯುತ್ತವೆಂಬ ಭರವಸೆಯಿಲ್ಲ.

ಅಮೆರಿಕದ ಆ ವ್ಯವಸ್ಥೆ ಅಲ್ಲಿಯ ಜನರಿಗಾಗಿ ಆದದ್ದು. ನಮ್ಮ ತೋಟದ ಔಷಧಿಗಳಿಗೆ ಅದನ್ನು ನಂಬುವಂತಿಲ್ಲ. ನಮ್ಮ ಔಷಧಿಗಳೂ ಸಾಮಾನ್ಯವಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಕುಡಿದವರು ಮೊದಲ ದಿನ ಚೆನ್ನಾಗಿರುವಂತೆ ಕಂಡರೂ ಮುಂದೆ ಮೂತ್ರಪಿಂಡ, ಶ್ವಾಸಕೋಶ ಕೆಡಬಹುದು. ಆದುದರಿಂದ ತೋಟದ ವಿಷ ಹೊಟ್ಟೆಗೆ ಸೇರಿದರೆ, ಲಕ್ಷಣ ಇರಲಿ ಬಿಡಲಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು. 108ಕ್ಕೆ ಕರೆಮಾಡಿರಿ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಕೂಡದು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಿರಿ.

ಯಂತ್ರ ಕೇಳಿದ ಪ್ರಶ್ನೆಗಳನ್ನೇ ವೈದ್ಯರೂ ಕೇಳುತ್ತಾರೆ. ಔಷಧಿಯನ್ನು ಹಳೆಯ ಶರಬತ್ತಿನ ಬಾಟಲಿಗೆ ಬಗ್ಗಿಸಿಟ್ಟಿದ್ದರೆ ಉತ್ತರ ಹೇಳುವವರಾರು? ಅದೇ ಬಾಟಲಿಯೇ ಮಗುವನ್ನು ಮೋಸಗೊಳಿಸುವುದೂ ಉಂಟು. ಮೂಲ ಡಬ್ಬಿಯ ಚೀಟಿಯಲ್ಲಿ ವಿಷದ ಹೆಸರು ಇರುತ್ತದೆ. ತ್ರಿಕೋನದ ಬಣ್ಣ ಅದರ ತೀವ್ರತೆಯನ್ನು ಸೂಚಿಸುತ್ತದೆ. ಕೆಂಪೆಂದರೆ ಅತ್ಯಂತ ವಿಷಕಾರಿ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ: ಔಷಧಿ ಮೂಲ ಡಬ್ಬಿಯಲ್ಲೇ, ಬೀಗದೊಳಗೆ ಇರಲಿ. ಮೇಲಿನ ಎರಡು ದೂರವಾಣಿ ಸಂಖ್ಯೆಗಳನ್ನು ಉಗ್ರಾಣದ ಬಾಗಿಲಿಗೂ ಲೈನ್ ಮನೆಗಳ ಗೋಡೆಗೂ ಅಂಟಿಸಿರಿ. ಆಸ್ಪತ್ರೆಗೆ ಹೊರಡುವಾಗ ಆ ಡಬ್ಬಿಯೂ ಜೊತೆಗಿರಲಿ.