ಈ ಬ್ಯಾಳಿ ಯಾವ ಹೊಲದ್ದು?

ಜೇವರ್ಗಿ ಸೀಮೆಯ ನಮ್ಮ ಮನೆಯಲ್ಲಿ ಬೇಳೆ ಕುದಿಯುವಾಗ ಆಯಿ ಒಲೆ ಬಿಟ್ಟು ಏಳುತ್ತಿರಲಿಲ್ಲ. ನೊರೆ ಇಳಿದು, ಬೇಳೆ ಅರಳಿ, ಬೋಗುಣಿಯ ಅಂಚಿಗೆ ಹಳದಿ ಕೆನೆ ಕಟ್ಟುವ ಹೊತ್ತಿಗೆ ಮೇಲಿನ ಕಟ್ಟನ್ನು ಒಂದು ವಾಟಿಗೆ ಬಸಿದುಕೊಂಡು, ನಾಲ್ಕು ಹರಳು ಉಪ್ಪು ಹಾಕಿ, ಊದಿ ಊದಿ ಒಂದು ಗುಟುಕು ಕುಡಿಯುತ್ತಿದ್ದಳು. ಹುಣಸೆಹಣ್ಣು, ಖಾರ, ಒಗ್ಗರಣೆ ಎಲ್ಲ ಆಮೇಲೆ. ಒಮ್ಮೆ ದೂರದ ಪಟ್ಟಣದಿಂದ ಬಂದ ನೆಂಟರು ಅಂಗಡಿಯ ಬೇಳೆ ತಂದಿದ್ದರು. ಒಂದೊಂದು ಬೇಳೆಯೂ ಬಂಗಾರದ ಹಾಗೆ ಹೊಳೆಯುತ್ತಿತ್ತು. ಆಯಿ ಅದರ ಕಟ್ಟು ಕುಡಿದು ವಾಟಿ ಕೆಳಗಿಟ್ಟಳು. "ನೋಡ್ಲಿಕ್ಕ ಛಂದ ಅದ, ಬಾಯಾಗ ಏನೂ ಇಲ್ಲ. ಇದು ನಮ್ಮ ಎರಿ ಹೊಲದ್ದಲ್ಲ ತಗೋ" ಅಂದಳು.

ಆ ಒಂದು ಗುಟುಕಿನಲ್ಲಿ ಅವಳು ಏನು ಹುಡುಕುತ್ತಿದ್ದಳು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಕ್ಯೂಬಾ ದೇಶದ ಸಿಗಾರುಗಳ ಬಗ್ಗೆ ಓದುವಾಗ. ಕ್ಯೂಬಾದ ಪಶ್ಚಿಮದ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ ವುಯೆಲ್ತಾ ಅಬಾಹೊ ಎಂಬ ಸೀಮೆ ಇದೆ. ಅಲ್ಲಿ ಬೆಳೆದ ಹೊಗೆಸೊಪ್ಪನ್ನು ನೆರಳಿನ ಕೊಟ್ಟಿಗೆಯಲ್ಲಿ ಒಣಗಿಸಿ, ಒಟ್ಟಿ ಹದಕ್ಕೆ ತಂದು, ವರ್ಷಗಟ್ಟಲೆ ಹಾಗೇ ಇಟ್ಟು, ಆಮೇಲೆ ಕೈಯಿಂದ ಸುತ್ತುತ್ತಾರೆ. ಹಳೆಯ ಸಿಗಾರು ಕೈಗೆ ಬಂದರೆ ಬಲ್ಲವರು ಕೂಡಲೇ ಬೆಂಕಿ ಹಚ್ಚುವುದಿಲ್ಲ. ಬೆರಳಲ್ಲಿ ಒತ್ತಿ ನೋಡುತ್ತಾರೆ, ಮೂಗಿಗೆ ಹಿಡಿಯುತ್ತಾರೆ, ಎಲೆ ಯಾವ ಸೀಮೆಯದು, ಯಾವ ವರ್ಷದ್ದು ಎಂದು ಮಾತಾಡುತ್ತಾರೆ. ತಂಬಾಕು ದೇಹಕ್ಕೆ ಕೇಡು, ಅದನ್ನು ನಾನು ಹೊಗಳಲಾರೆ. ಆದರೆ ಮಣ್ಣಿನ ಗುಣವನ್ನು ನಾಲಿಗೆಯ ಮೇಲೆ ಹುಡುಕುವ ಆ ತಾಳ್ಮೆಗೆ, ಊರಿನ ಹೆಸರು ಹೇಳಿ ಮಾಲಿಗೆ ಬೆಲೆ ಕಟ್ಟುವ ಆ ಅಭಿಮಾನಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಆಯಿ ವಾಟಿ ಹಿಡಿದು ಮಾಡುತ್ತಿದ್ದದ್ದೂ ಅದನ್ನೇ. ಅವಳ ರುಚಿ ಪರೀಕ್ಷೆಯನ್ನು ಯಾರೂ ಬರೆದಿಡಲಿಲ್ಲ, ಅಷ್ಟೇ.

ಊರಿನ ಹೆಸರಿಗೆ ಸಿಗುವ ಆ ಮಾನ್ಯತೆ ಈಗ ನಮ್ಮ ಬೇಳೆಗೂ ಇದೆ. ಆಳಂದ, ಅಫಜಲಪುರ, ಜೇವರ್ಗಿ ಸೇರಿದಂತೆ ಕಲಬುರಗಿ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಎಲ್ಲರೂ ಹೇಳುವ ಜಿಐ ಟ್ಯಾಗ್ ಸಿಕ್ಕಿತು. ದಾರ್ಜಿಲಿಂಗ್ ಚಹಾಕ್ಕೆ, ಮೈಸೂರು ರೇಷ್ಮೆಗೆ ಇರುವಂಥದ್ದೇ ಕಾನೂನಿನ ಮಾನ್ಯತೆ ಇದು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದೇ ಕಲಬುರಗಿ ಎಂದು ಬದಲಾಗಿದ್ದರೂ ದಾಖಲೆಯಲ್ಲಿ ಬೇಳೆ 'ಗುಲ್ಬರ್ಗಾ' ಹೆಸರಿನಲ್ಲೇ ಇದೆ. ದೇಶದ ಬಜಾರುಗಳಿಗೆ ಪರಿಚಯವಿರುವುದೂ ಆ ಹಳೆಯ ಹೆಸರೇ.

ಈ ಬೇಳೆಯ ರುಚಿಯ ಮಾತನ್ನು ಮಣ್ಣಿನಿಂದಲೇ ಶುರು ಮಾಡಬೇಕು. ಈ ಮೂರು ತಾಲ್ಲೂಕುಗಳ ಬಹುಪಾಲು ನೆಲ ಎರೆಮಣ್ಣು. ಕೋಟ್ಯಂತರ ವರ್ಷಗಳ ಹಿಂದೆ ದಖನ್ ಮೇಲೆ ಹರಿದ ಲಾವಾ ಕಪ್ಪು ಕಲ್ಲಾಗಿ, ಆ ಕಲ್ಲು ಸವೆದು ಸವೆದು ಆದ ಮಣ್ಣು. ಪೂರ್ವಕ್ಕೆ ಸರಿದರೆ ಶಹಾಬಾದಿನ ಹಾಸುಗಲ್ಲು, ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವಾದ ಸುಣ್ಣದ ಕಲ್ಲಿನ ಪದರ ಸಿಗುತ್ತದೆ. ಎರೆಹೊಲದಲ್ಲಿ ರಂಟೆ ಹೊಡೆದರೆ ಬಿಳಿಯ ಸುಣ್ಣದ ಹರಳುಗಳು ಮೇಲೆ ಬರುತ್ತವೆ. ಸುಣ್ಣ, ಪೊಟ್ಯಾಶ್ ಎರಡೂ ಇರುವ ಈ ನೆಲವೇ ಬೇಳೆಗೆ ರುಚಿ ಕೊಡುತ್ತದೆ ಎಂಬುದು ಇಲ್ಲಿಯವರ ಮಾತು, ಜಿಐ ಕೇಳಿದಾಗ ಮುಂದಿಟ್ಟ ವಾದವೂ ಅದೇ. ಅಫಜಲಪುರದಲ್ಲಿ ಭೀಮೆಯ ದಂಡೆಗೆ ಈಗ ಕಬ್ಬು ಬಂದಿದೆ, ಆಳಂದದಲ್ಲಿ ಅಮರ್ಜಾ ಜಲಾಶಯದ ನೀರಿದೆ. ಆದರೂ ನೀರು ಕಾಣದ ಹೊಲಕ್ಕೆ ಇವತ್ತಿಗೂ ತೊಗರಿಯೇ ದೈವ.

ಮಿರಗದ ಮಳೆ ಬಿದ್ದ ಮೇಲೆ ಬಿತ್ತಿದ ತೊಗರಿ ರಾಶಿಗೆ ಬರುವುದು ಪುಷ್ಯಮಾಸದ ಆಚೀಚೆ. ಐದಾರು ತಿಂಗಳು ಹೊಲದಲ್ಲಿ ನಿಲ್ಲುವ ಬೆಳೆ. ಅದರ ತಾಯಿಬೇರು ಆಳಕ್ಕೆ ಇಳಿದು, ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಾಗಲೂ ಅಡಿಯ ಹಸಿ ಹುಡುಕಿ ಕುಡಿಯುತ್ತದೆ. ಹಿಂದೆ ತೊಗರಿ ಸಾಲಿನ ನಡುವೆ ಹೆಸರು, ಉದ್ದು, ಸಜ್ಜೆ, ಎಳ್ಳು ಇರುತ್ತಿದ್ದವು. ಹೆಸರು ಕಿತ್ತ ಮೇಲೆ ತೊಗರಿಗೆ ಜಾಗ ಸಿಕ್ಕು ಅದು ತೋಳು ಚಾಚುತ್ತಿತ್ತು. ಮಳೆಗಾಲದಲ್ಲಿ ಬೆಳೆದು, ಚಳಿಗೆ ಹೂವಾಗಿ, ಇಬ್ಬನಿಯಲ್ಲಿ ಕಾಳು ತುಂಬುವ ಈ ನಿಧಾನ ಬೇಳೆಯ ರುಚಿಯಲ್ಲಿ ಇದೆ ಎಂದೇ ನಾನು ನಂಬಿದ್ದೇನೆ.

ರುಚಿ ನೋಡುವ ಮೊದಲ ಮೆಟ್ಟಿಲು ಬೇಳೆಯಲ್ಲ, ಹಸಿಕಾಯಿ. ಡಿಸೆಂಬರಿನಲ್ಲಿ ಹೊಲದ ಬದುವಿಗೆ ಕೂತು, ಉಪ್ಪು ಹಾಕಿ ಕುದಿಸಿದ ತೊಗರಿಕಾಯಿಯನ್ನು ಹಲ್ಲಿನಲ್ಲಿ ಜಗ್ಗಿ ತಿನ್ನದವರಿಗೆ ಒಣಬೇಳೆಯ ಒಳಗುಟ್ಟು ತಿಳಿಯುವುದು ಕಷ್ಟ. ಹಸಿಕಾಳಿನಲ್ಲಿ ಒಂದು ತೆಳು ಸಿಹಿ ಇರುತ್ತದೆ, ಅದರ ಬೆನ್ನಿಗೆ ಸಿಪ್ಪೆಯ ಸಣ್ಣ ಒಗರು. ಎಳ್ಳ ಅಮಾಸಿಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವಾಗ ಭಜ್ಜಿಯಲ್ಲಿ ಈ ಹಸಿಕಾಳು ಬೀಳುತ್ತದೆ. ಹತ್ತಾರು ಸೊಪ್ಪು, ಕಾಯಿ, ಕಾಳಿನ ನಡುವೆಯೂ ತೊಗರಿ ತನ್ನನ್ನು ತೋರಿಸಿಕೊಳ್ಳುತ್ತದೆ. ಒಳ್ಳೆಯ ಬೇಳೆಯ ಕಟ್ಟಿನಲ್ಲಿ ಹುಡುಕಬೇಕಾದದ್ದು ಇದೇ ಸಿಹಿಯನ್ನು.

ಇನ್ನು ಬೇಳೆ. ಒಂದು ಹಿಡಿ ಬಿಳಿ ಅರಿವೆಯ ಮೇಲೆ ಹರವಿ ಹಗಲು ಬೆಳಕಿನಲ್ಲಿ ನೋಡಿ. ಎಣ್ಣೆ, ನೀರು ಹಚ್ಚಿ ಪಾಲಿಶ್ ಮಾಡದ ಬೇಳೆ ಹೊಳೆಯುವುದಿಲ್ಲ. ಮೇಲೆ ಹಿಟ್ಟು ಉದುರಿಸಿದಂಥ ಮಬ್ಬು ಇರುತ್ತದೆ, ಅಲ್ಲಲ್ಲಿ ಕೆಂಪು ಸಿಪ್ಪೆಯ ಚೂರು ಉಳಿದಿರುತ್ತದೆ. ಅದು ದೋಷವಲ್ಲ, ಹೆಚ್ಚು ತಿಕ್ಕಿಸಿಕೊಂಡಿಲ್ಲ ಎಂಬುದರ ಗುರುತು. ಅಂಗೈಯಲ್ಲಿ ಉಜ್ಜಿದರೆ ಜಿಡ್ಡು ಹತ್ತಬಾರದು. ಎರಡೂ ಕೈ ಮುಚ್ಚಿ ಬಾಯಿಯ ಬಿಸಿಗಾಳಿ ಊದಿ ಮೂಸಿದರೆ ಹೊಸ ಬೇಳೆಯಲ್ಲಿ ಬಿಸಿಲಿಗೆ ಕಾದ ಕಣದ ವಾಸನೆ ಬರುತ್ತದೆ. ಮುಗ್ಗು ಬಂದರೆ ಬದಿಗಿಡಿ. ಒಂದು ಬೇಳೆ ಹಲ್ಲಿನಲ್ಲಿಟ್ಟು ಒತ್ತಿ. ಚೆನ್ನಾಗಿ ಒಣಗಿದ್ದು ಕಟ್ ಎಂದು ಮುರಿಯುತ್ತದೆ, ಹಸಿ ಉಳಿದದ್ದು ಹಲ್ಲಿಗೆ ನಾಟಿ ಚಪ್ಪಟೆಯಾಗುತ್ತದೆ. ಬಾಯಲ್ಲೇ ಒಂದು ನಿಮಿಷ ಇಟ್ಟುಕೊಳ್ಳಿ. ಮೊದಲು ಹಿಟ್ಟಿನ ರುಚಿ, ಆಮೇಲೆ ಶೇಂಗಾ ನೆನಪಿಸುವ ಒಂದು ಎಳೆ ಬರುತ್ತದೆ.

ನಿಜವಾದ ಪರೀಕ್ಷೆ ಒಲೆಯ ಮೇಲೆ. ಕುಕ್ಕರ್ ಬೇಡ, ತೆರೆದ ಪಾತ್ರೆ ಬೇಕು. ಸೀನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಕುದಿಯಲು ಇಡಿ. ಗಡಸು ನೀರಿನ ಸುಣ್ಣಾಂಶ ಬೇಳೆಯ ಜೀವಕೋಶದ ಗೋಡೆಯನ್ನು ಗಟ್ಟಿ ಮಾಡುತ್ತದೆ, ಹಾಗಾಗಿ ಬೋರಿನ ನೀರಲ್ಲಿ ಕುದಿಸಿ ಬೇಳೆಯನ್ನು ಬೈಯಬಾರದು. ಉಪ್ಪು, ಹುಳಿ ಮೊದಲೇ ಹಾಕಬೇಡಿ. ಒಳ್ಳೆಯ ತೊಗರಿ ಬೇಳೆ ಮೊದಲು ಉಬ್ಬುತ್ತದೆ, ಆಮೇಲೆ ಅಂಚು ಬಿಡುತ್ತದೆ, ಕೊನೆಗೆ ಹುಟ್ಟು ಆಡಿಸಿದರೆ ತಾನಾಗಿ ಕರಗಿ ನೀರಿನೊಂದಿಗೆ ಒಂದಾಗುತ್ತದೆ. ಮೇಲೆ ನೀರು, ಕೆಳಗೆ ಬೇಳೆ ಎಂದು ಬೇರೆಯಾಗಿ ನಿಂತರೆ ಅದು ಹಳೆಯದು, ಇಲ್ಲವೇ ಬೇರೆ ನೆಲದ್ದು. ಬೇಳೆ ಅರಳಿದ ಹೊತ್ತಿಗೆ ಆಯಿಯ ಹಾಗೆ ಕಟ್ಟು ಬಸಿದು, ಉಪ್ಪು ಮಾತ್ರ ಹಾಕಿ ಕುಡಿಯಿರಿ. ನಾಲಿಗೆಯ ತುದಿಗೆ ಸಿಹಿ, ನಡುವಿಗೆ ಬೆಣ್ಣೆಯಂಥ ಮೈ, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಕಂಪು. ಈ ಮೂರೂ ಸಿಕ್ಕರೆ ಅದು ನಮ್ಮ ಬ್ಯಾಳಿ.

ಸಿಗಾರಿಗೂ ಬೇಳೆಗೂ ಒಂದು ದೊಡ್ಡ ಅಂತರವಿದೆ. ಸಿಗಾರು ಹಳೆಯದಾದಷ್ಟು ಹದಕ್ಕೆ ಬರುತ್ತದೆ, ಬೇಳೆ ಹಳೆಯದಾದರೆ ಬಿಗಿಯುತ್ತದೆ. ಸೆಕೆ, ತೇವ ಇರುವಲ್ಲಿ ವರ್ಷಗಟ್ಟಲೆ ಇಟ್ಟ ಬೇಳೆ ಎಷ್ಟು ಕುದಿಸಿದರೂ ಅರಳುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಇಡುತ್ತಿದ್ದದ್ದು ಇಡಿ ತೊಗರಿಯನ್ನು. ಬೂದಿ ಅಥವಾ ಬೇವಿನ ಸೊಪ್ಪು ಬೆರೆಸಿ ಗುಮ್ಮಿಯಲ್ಲಿ ತುಂಬಿಟ್ಟು, ಬೇಕಾದಷ್ಟನ್ನೇ ತೆಗೆದು ಬೇಳೆ ಮಾಡಿಕೊಳ್ಳುತ್ತಿದ್ದರು.

ಆ ಬೇಳೆ ಮಾಡುವ ಕೆಲಸವೇ ಒಂದು ಕಸುಬು. ತೊಗರಿಯ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ, ಬೇಳೆಗೆ ಅಂಟಿನಂತೆ ಹತ್ತಿಕೊಂಡಿರುತ್ತದೆ. ಮನೆಯಲ್ಲಿ ತೊಗರಿ ನೆನೆಸಿ, ಕೆಮ್ಮಣ್ಣು ಕಲಸಿ ರಾತ್ರಿಯಿಡೀ ಇಟ್ಟು, ಬಿಸಿಲಿಗೆ ಹರವಿ, ಮಣ್ಣು ಜಾಡಿಸಿ, ಬೀಸುಕಲ್ಲಿಗೆ ಹಾಕುತ್ತಿದ್ದರು. ಇಬ್ಬರು ಹೆಂಗಸರು ಎದುರುಬದುರು ಕೂತು ಗೂಟ ಹಿಡಿದು ತಿರುಗಿಸಿದರೆ ಕಲ್ಲಿನ ಸುತ್ತ ಹಳದಿ ಬೇಳೆ, ಕೆಂಪು ಹೊಟ್ಟು ಕೂಡಿ ಬೀಳುತ್ತಿತ್ತು. ಮೊರದಲ್ಲಿ ಕೇರುವಾಗ ಆಯಿಯ ಮಣಿಕಟ್ಟು ಒಂದೇ ಲಯದಲ್ಲಿ ಆಡುತ್ತಿತ್ತು, ಹೊಟ್ಟು ಮುಂದಕ್ಕೆ ಹಾರಿ ನುಚ್ಚು ಒಂದು ಮೂಲೆಗೆ ಸರಿಯುತ್ತಿತ್ತು. ಹೊಟ್ಟು ಎಮ್ಮೆಗೆ, ನುಚ್ಚು ಪುಂಡಿ ಪಲ್ಯಕ್ಕೆ, ತೊಗರಿ ಕಟ್ಟಿಗೆ ಒಲೆಗೆ. ಬಿಸಾಡಲು ಏನೂ ಉಳಿಯುತ್ತಿರಲಿಲ್ಲ.

ಕಲಬುರಗಿಯ ದಾಲ್ ಮಿಲ್ಲುಗಳು ಮಾಡುವುದೂ ಮೂಲತಃ ಅದನ್ನೇ. ಒರಟು ಉರುಳೆಯ ಮೇಲೆ ಕಾಳಿನ ಸಿಪ್ಪೆ ಗೀರಿ, ಅತಿ ಸ್ವಲ್ಪ ಎಣ್ಣೆ ಲೇಪಿಸಿ ರಾಶಿ ಹಾಕುತ್ತಾರೆ, ಅಂಗಳದಲ್ಲಿ ಎರಡು ಮೂರು ದಿನ ಒಣಗಿಸುತ್ತಾರೆ, ನೀರು ಚಿಮುಕಿಸಿ ಮತ್ತೆ ಉರುಳೆಗೆ ಕೊಡುತ್ತಾರೆ. ನೂರು ಕಿಲೊ ತೊಗರಿಗೆ ಸುಮಾರು 70ರಿಂದ 75 ಕಿಲೊ ಬೇಳೆ ಕೈಗೆ ಬರುತ್ತದೆ. ಅವಸರ ಮಾಡಿದರೆ ಅಂಚು ಒಡೆದು ನುಚ್ಚು ಹೆಚ್ಚುತ್ತದೆ. ಅಂಚು ಮುರಿಯದ, ದುಂಡಗಿನ ಬೇಳೆಗೆ ಬಜಾರಿನಲ್ಲಿ ಫಟ್ಕಾ ಎನ್ನುತ್ತಾರೆ.

ಹೊಸ ಮಾಲು ಬರುವ ದಿನಗಳಲ್ಲಿ ಕಲಬುರಗಿಯ ನೆಹರು ಗಂಜಿಗೆ ಒಮ್ಮೆ ಹೋಗಿ ನಿಲ್ಲಬೇಕು. ಅಡತಿ ಅಂಗಡಿಯ ಮುಂದೆ ಚೀಲ ಬಿಚ್ಚಿರುತ್ತದೆ. ಖರೀದಿದಾರ ತೋಳು ಒಳಗಿಳಿಸಿ ಅಡಿಯ ಕಾಳು ಎತ್ತುತ್ತಾನೆ, ಅಂಗೈಯಲ್ಲಿ ಕುಣಿಸಿ ಊದುತ್ತಾನೆ, ಒಂದು ಕಾಳು ಹಲ್ಲಿಗೆ ಕೊಡುತ್ತಾನೆ. "ಹಸಿ ಅದ ರೀ, ಇನ್ನೆರಡು ಬಿಸಿಲು ಬೇಕಿತ್ತು" ಎಂಬ ಅವನ ಮಾತಿನ ಮೇಲೆ ರೈತನ ಒಂದು ವರ್ಷದ ದುಡಿಮೆ ತೂಗುತ್ತದೆ. ಆ ನಾಲಿಗೆಗೂ ನಮ್ಮ ಆಯಿಯ ನಾಲಿಗೆಗೂ ವಿದ್ಯೆ ಒಂದೇ. ಆದರೆ ಅಲ್ಲಿ ದರ ಕಟ್ಟುವುದು ತೇವಕ್ಕೆ, ಕಸಕ್ಕೆ, ಗಾತ್ರಕ್ಕೆ. ರುಚಿಗೆ ಎಂದು ಒಂದು ರೂಪಾಯಿ ಹೆಚ್ಚು ಕೊಟ್ಟದ್ದನ್ನು ನಾನು ಕಂಡಿಲ್ಲ. ನನ್ನ ಸಂಕಟ ಇರುವುದು ಇಲ್ಲೇ.

ಈ ಬೆಳೆ ಉಳಿದು ಬಂದದ್ದೇ ಒಂದು ಹೋರಾಟ. ಮಣ್ಣಿನಲ್ಲಿ ಅಡಗಿರುವ ಶಿಲೀಂಧ್ರ ಬೇರಿಗೆ ಹತ್ತಿದರೆ ಹೂವು ಕಾಯಿಯ ಹೊತ್ತಿಗೆ ನಿಂತ ಗಿಡ ನಿಂತಂತೆ ಒಣಗುತ್ತದೆ, ಅದೇ ನೆಟೆ ರೋಗ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಮಾರುತಿ ತಳಿ 1986ರಲ್ಲಿ ನಮ್ಮ ರೈತರ ಕೈಗೆ ಬಂದಾಗ ನೆಟೆಗೆ ಅಂಜುತ್ತಿದ್ದ ಹೊಲಗಳಿಗೆ ಮತ್ತೆ ಜೀವ ಬಂತು. ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೇ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳನ್ನು ಕೊಟ್ಟಿತು. ಕಾಯಿಕೊರಕದ ಹುಳು ಬಿದ್ದಾಗ ಗಿಡ ಅಲುಗಿಸಿ, ಕೆಳಗೆ ಹಾಸಿದ ತಾಡಪತ್ರಿಗೆ ಹುಳು ಉದುರಿಸಿ ಬೆಳೆ ಉಳಿಸಿಕೊಂಡ ಜಾಣ್ಮೆ ನಮ್ಮ ರೈತರದೇ. ಇಷ್ಟಾದರೂ 2022ರ ಹಂಗಾಮಿನಲ್ಲಿ ನೆಟೆ ಮತ್ತೆ ಜಿಲ್ಲೆಯ ಹೊಲಗಳನ್ನು ಒಣಗಿಸಿತು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಇತ್ತ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ತೊಗರಿ ಹಡಗಿನಲ್ಲಿ ಬರುತ್ತದೆ. ದೇಶಕ್ಕೆ ಬೇಳೆ ಬೇಕು, ತರಿಸಲಿ. ಆದರೆ ಹೊರಗಿನ ಕಾಳನ್ನು ಎಣ್ಣೆ ಹಚ್ಚಿ ಹೊಳಪಿಸಿ ನಮ್ಮ ಊರಿನ ಹೆಸರಿನ ಚೀಲಕ್ಕೆ ತುಂಬಿದರೆ ಅದು ರೈತನಿಗೂ ಉಣ್ಣುವವನಿಗೂ ಮೋಸ.

ಜಿಐ ಎಂಬುದು ಈ ಮೋಸದ ವಿರುದ್ಧ ಕೈಗೆ ಸಿಕ್ಕ ಕಾನೂನು. ಅದನ್ನು ಕೆಲಸಕ್ಕೆ ಹಚ್ಚುವವರು ನಾವು, ಕೊಳ್ಳುವವರು. ಕ್ಯೂಬಾದವರ ಸಿಗಾರಿಗೆ ಹೆಸರಿರುವುದು ವ್ಯತ್ಯಾಸ ಹಿಡಿಯುವ ಗಿರಾಕಿಗಳು ಇರುವುದರಿಂದ. ಬೇಳೆಯ ವ್ಯತ್ಯಾಸ ಹಿಡಿಯುವ ನಾಲಿಗೆ ನಮ್ಮ ಅವ್ವಂದಿರಲ್ಲಿ, ಆಯಿಯರಲ್ಲಿ ಇತ್ತು. ಪ್ಯಾಕೆಟ್ಟಿನ ಹೊಳಪು ನೋಡಿ ಕೊಳ್ಳುವ ನಾವು ಅದನ್ನು ಕಳೆದುಕೊಳ್ಳುತ್ತಿದ್ದೇವೆ.

ಹೊಸ ತೊಗರಿ ಜನವರಿಯಲ್ಲಿ ಗಂಜಿಗೆ ಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ನಿಮ್ಮ ನೆಂಟರಿದ್ದರೆ, ಅವರ ಹೊಲದ್ದೇ ಆದ, ಪಾಲಿಶ್ ಮಾಡದ ಐದು ಕಿಲೊ ಬೇಳೆ ಕೇಳಿ ತರಿಸಿ. ನೆಂಟರಿಲ್ಲದಿದ್ದರೆ ಅಂಗಡಿಯವನಿಗೆ ಕೇಳಿ, "ಈ ಬ್ಯಾಳಿ ಯಾವ ಊರಿಂದು?" ಅಂತ. ಮನೆಗೆ ತಂದ ಮೊದಲ ದಿನ ಒಗ್ಗರಣೆ ಹಾಕಬೇಡಿ. ಕಟ್ಟು ಬಸಿದು, ಒಂದು ಹರಳು ಉಪ್ಪು ಹಾಕಿ, ಮನೆಯ ಮಕ್ಕಳ ಕೈಗೂ ಒಂದೊಂದು ವಾಟಿ ಕೊಡಿ.