ಯಂತ್ರವು ‘ಕಬೂಲ್’ ಎನ್ನಬಲ್ಲುದೇ?

ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳನ್ನು ಕೇಳದವರು ಶಿವಮೊಗ್ಗೆಯಲ್ಲಿ ವಿರಳ. ಅಡಕೆಯ ಮಂಡಿಯಲ್ಲಿ ಮಾಲಿನ ಮುಂದೆ ನಿಂತು, ಒಂದೆರಡು ಅಡಕೆಯನ್ನು ಒಡೆದು ನೋಡಿ ಬೆಲೆ ಕಟ್ಟುವುದು ಹಳೆಯ ರೂಢಿ. 2014ರಿಂದ ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ವಿದ್ಯುನ್ಮಾನ ಟೆಂಡರು ಹಬ್ಬುತ್ತ ಬಂದಂತೆ ಬೆಲೆಯು ಗಣಕಯಂತ್ರದಲ್ಲಿ ನಮೂದಾಗತೊಡಗಿತು. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕಬ್ಬಿಣದ ಊರಾದ ಭದ್ರಾವತಿಯಲ್ಲಿ ಒಬ್ಬ ಮುಸ್ಲಿಂ ವರ್ತಕನಿರುವನೆಂದೂ, ಧಾರಣೆಯ ಏರಿಳಿತವನ್ನು ತಾನೇ ಅಭ್ಯಾಸಮಾಡಿ ಮಾಲು ಕೊಳ್ಳುವ ‘ಕೃತಕ ಬುದ್ಧಿ’ಯೊಂದನ್ನು ಅವನು ನೇಮಿಸಿರುವನೆಂದೂ ಊಹಿಸಿಕೊಳ್ಳೋಣ. ಒಂದು ರಾತ್ರಿ ಅದು, ಹತ್ತು ಕ್ವಿಂಟಲ್ ಬೇಕಿದ್ದವನ ಹೆಸರಿನಲ್ಲಿ ನೂರು ಕ್ವಿಂಟಲ್ ರಾಶಿಯನ್ನು ಕೊಂಡುಬಿಟ್ಟಿತು. ಬೆಳೆಗಾರನಿಗೆ ಅದು ವರ್ಷದ ದುಡಿಮೆ. ವರ್ತಕನಿಗೆ ಮನೆ ಮಾರುವ ಮಾತು. ಕರಾರು ನಿಲ್ಲುವುದೇ?

ನಮ್ಮ ನ್ಯಾಯಾಲಯಗಳು 1872ರ ಕರಾರು ಕಾಯಿದೆಯನ್ನೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯನ್ನೂ ನೋಡುವುವೇ ಹೊರತು ವರ್ತಕನ ಮತವನ್ನು ಕೇಳುವುದಿಲ್ಲ. ಎರಡನೆಯ ಕಾಯಿದೆಯ 11ನೆಯ ಕಲಮಿನಂತೆ, ತಾನಾಗಿ ನಡೆಯುವಂತೆ ಅಣಿಗೊಳಿಸಿದ ಯಂತ್ರದ ಸಂದೇಶವು ಯಜಮಾನನದೇ ಎಂದು ಎಣಿಸಲ್ಪಡುತ್ತದೆ. ಆದರೆ ಶ್ರದ್ಧಾವಂತನಿಗೆ ಅಷ್ಟರಿಂದ ಸಮಾಧಾನವಿಲ್ಲ. ವ್ಯಾಪಾರವು ಧರ್ಮಸಮ್ಮತವೂ ಆಗಬೇಕು.

ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಕರಾರಿನ ಜೀವವು ಉಭಯರ ಸಮ್ಮತಿ. ಒಬ್ಬನು ಮುಂದಿಡುವ ಮಾತು ಈಜಾಬ್, ಇನ್ನೊಬ್ಬನ ಒಪ್ಪಿಗೆ ಕಬೂಲ್. ಎರಡೂ ಒಂದೇ ‘ಮಜ್ಲಿಸ್’ನಲ್ಲಿ, ಎಂದರೆ ಒಂದೇ ಬೈಠಕ್ಕಿನಲ್ಲಿ, ಕೂಡಬೇಕು. (ಕಬೂಲು, ಕರಾರು, ವಕೀಲ, ದಲ್ಲಾಳಿ: ಮಂಡಿಯ ಕನ್ನಡವು ಅರಬ್ಬಿಯಿಂದ ಎಷ್ಟು ಕಡ ತಂದಿದೆ, ನೋಡಿ!) ದೂರದವರಿಗೆ ಬೈಠಕ್ಕು ಎಲ್ಲಿಯದು? 1990ರಲ್ಲಿ ಜೆಡ್ಡಾ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಖ್ ಅಕಾಡೆಮಿಯು ಇದನ್ನು ವಿಚಾರಿಸಿ, ಪತ್ರ, ಟೆಲೆಕ್ಸ್, ಗಣಕಯಂತ್ರದ ತೆರೆ ಇವುಗಳ ಮೂಲಕ ಪ್ರಸ್ತಾವವು ತಲಪಿ ಒಪ್ಪಿಗೆ ದೊರೆತರೆ ಕರಾರು ಸಿದ್ಧವೆಂದು ನಿರ್ಣಯಿಸಿತು. ಸಾಕ್ಷಿಗಳು ಬೇಕಾದ ವಿವಾಹವನ್ನೂ, ಅಲ್ಲಿಯೇ ಕೈಗೆ ಕೈ ಬದಲಾಗಬೇಕಾದ ನಾಣ್ಯವಿನಿಮಯ ಮೊದಲಾದುವನ್ನೂ ಈ ನಿಯಮದಿಂದ ಹೊರಗಿಟ್ಟಿತು.

ಅಲ್ಲಿ ತೆರೆಯ ಹಿಂದೆ ಮನುಷ್ಯನಿದ್ದನು. ಇಲ್ಲಿ ಯಾರಿದ್ದಾರೆ? ‘ವಕೀಲ್’ ಎಂದರೆ ಪ್ರತಿನಿಧಿಯಾಗುವವನಿಗೆ ಸ್ವಂತ ವಿವೇಕವಿರಬೇಕೆಂಬುದು ಶಾಸ್ತ್ರದ ಮತ. ಯಂತ್ರಕ್ಕೆ ಆ ಯೋಗ್ಯತೆಯಿಲ್ಲ. ಅದು ಲೇಖನಿಯಂತೆ ಕೇವಲ ಉಪಕರಣವೆನ್ನೋಣ. ಬೆಲೆ, ಪ್ರಮಾಣಗಳ ಮಿತಿಯನ್ನು ಯಜಮಾನನೇ ವಿಧಿಸಿದ್ದರೆ ಈ ಮಾತು ಸಲ್ಲುತ್ತದೆ. ಯಂತ್ರವು ತಾನೇ ಕಲಿತು, ಯಜಮಾನನೂ ಊಹಿಸದ ಬೆಲೆಯನ್ನು ಕಟ್ಟಿದರೆ, ಶಾಸ್ತ್ರವು ನಿಷೇಧಿಸುವ ‘ಗರರ್’ ಎಂಬ ಅತಿಯಾದ ಅನಿಶ್ಚಿತತೆಯ ಸಂದೇಹ ಏಳುತ್ತದೆ.

ಈ ತೊಡಕು ಇಸ್ಲಾಮೀ ಶಾಸ್ತ್ರಕ್ಕೆ ಮಾತ್ರ ಸೇರಿದುದಲ್ಲ. 2017ರಲ್ಲಿ ಸಿಂಗಪುರದ ಒಂದು ವಿನಿಮಯ ಕೇಂದ್ರದಲ್ಲಿ ಯಂತ್ರಗಳು ಗೂಢಲಿಪಿ ನಾಣ್ಯಗಳನ್ನು ಪೇಟೆಯ ದರಕ್ಕಿಂತ ಸುಮಾರು 250 ಪಟ್ಟು ಬೆಲೆಗೆ ಮಾರಿ ಕೊಂಡವು. ಯಂತ್ರಕ್ಕೆ ಮನಸ್ಸಿಲ್ಲ, ಕ್ರಮವಿಧಿಯನ್ನು ಬರೆದವನಿಗೆ ಆಗ ಏನು ತಿಳಿದಿತ್ತೆಂಬುದೇ ಮುಖ್ಯ ಎಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯವು ಹೇಳಿ, ಆ ಕರಾರುಗಳನ್ನು ರದ್ದುಮಾಡಲು ಒಪ್ಪಲಿಲ್ಲ. ನಮಗೂ ಹಾಗೆಯೇ ತೋರುತ್ತದೆ: ಬೆಳೆಗಾರನು ನಂಬಿದ್ದು ವರ್ತಕನ ಹೆಸರನ್ನು, ಮಿತಿಯಿಲ್ಲದೆ ಯಂತ್ರವನ್ನು ಬಿಟ್ಟವನೇ ನಷ್ಟವನ್ನು ಹೊರಬೇಕು.

ಆದರೂ ವರ್ತಕನಿಗೆ ಒಂದು ಬಾಗಿಲು ತೆರೆದಿದೆ. ಕಾಣದೆ ಕೊಂಡ ಮಾಲನ್ನು ಕಂಡ ಮೇಲೆ ನಿರಾಕರಿಸುವ ಹಕ್ಕನ್ನು ಹನಫೀ ಪಂಥವು ಕೊಡುತ್ತದೆ. ಆಗುಂಬೆಯ ಘಾಟಿಯನ್ನು ಇಳಿದರೆ ಕರಾವಳಿಯ ಬ್ಯಾರಿಗಳೂ ನವಾಯತರೂ ಅನುಸರಿಸುವ ಶಾಫಿ ಪಂಥದ ಪ್ರಬಲ ಮತದಂತೆ, ಕಾಣದ ಮಾಲಿನ ಮಾರಾಟವೇ ಸಿಂಧುವಲ್ಲ. ಮಂಡಿಗೆ ಹೋಗಿ ರಾಶಿಯನ್ನು ನೋಡಿಬಂದು ಬೆಲೆ ಬರೆಯುವ ವ್ಯಾಪಾರಿಗೆ ಈ ಚಿಂತೆಯಿಲ್ಲ. ಯಂತ್ರವಾದರೋ ಇನ್ನೂ ಅಡಕೆ ಒಡೆದು ನೋಡಿಲ್ಲ.