ಗ್ರಾಮೀಣ ದೂರವಾಣಿ: ತಂತ್ರಜ್ಞಾನದ ಆಯ್ಕೆ ಮತ್ತು ವೆಚ್ಚದ ಹೊಣೆ

ಅಭಿವೃದ್ಧಿಶೀಲ ರಾಷ್ಟ್ರವೊಂದು ತನ್ನ ಸೀಮಿತ ಸಂಪನ್ಮೂಲವನ್ನು ಕುಡಿಯುವ ನೀರು, ಶಾಲೆ, ಆಸ್ಪತ್ರೆಗಳಿಗೆ ಮೀಸಲಿಡಬೇಕೇ ಅಥವಾ ದೂರವಾಣಿಗೂ ಅದರಲ್ಲಿ ಪಾಲು ನೀಡಬೇಕೇ ಎಂಬುದು 1980ರ ದಶಕದಲ್ಲಿ ಭಾರತದಲ್ಲಿ ಗಂಭೀರ ಚರ್ಚೆಗೆ ಒಳಗಾಗಿದ್ದ ವಿಷಯ. ಈ ಚರ್ಚೆಯ ಹಿನ್ನೆಲೆಯನ್ನೂ, ಅದರಿಂದ ಹೊರಟ ಎರಡು ಪ್ರಶ್ನೆಗಳು ಇಂದಿಗೂ ಏಕೆ ಮುಖ್ಯವಾಗಿವೆ ಎಂಬುದನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಗ್ರಾಮಗಳಿಗೆ ಎಂತಹ ತಂತ್ರಜ್ಞಾನ ತಕ್ಕುದು ಎಂಬುದು ಮೊದಲನೆಯ ಪ್ರಶ್ನೆ; ಲಾಭ ತಾರದ ಗ್ರಾಮಕ್ಕೆ ಸೇವೆ ಒದಗಿಸುವ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ಎರಡನೆಯದು.

ಹಿನ್ನೆಲೆ

ದೂರವಾಣಿಯು ಉಳ್ಳವರ ಐಷಾರಾಮದ ವಸ್ತು ಎಂಬ ಅಭಿಪ್ರಾಯವು ಆ ದಿನಗಳಲ್ಲಿ ಆಡಳಿತ ವಲಯದಲ್ಲಿಯೂ ಬಲವಾಗಿತ್ತು. ನಗರಗಳಲ್ಲಿ ಹೊಸ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಗ್ರಾಮವಾಸಿಗಳು ಟ್ರಂಕ್ ಕರೆ ಕಾದಿರಿಸಲು ಹತ್ತಿರದ ಪಟ್ಟಣದ ಅಂಚೆ ಕಚೇರಿಗೆ ಹೋಗಿ ದಿನವಿಡೀ ಕುಳಿತಿರುವುದು ಸಾಮಾನ್ಯವಾಗಿತ್ತು. ವೈದ್ಯರನ್ನು ಕರೆತರಲು, ಸಾವಿನ ಸುದ್ದಿ ತಿಳಿಸಲು, ಮಾರುಕಟ್ಟೆಯ ದರ ವಿಚಾರಿಸಲು ಒಬ್ಬ ವ್ಯಕ್ತಿಯೇ ಹೋಗಿಬರಬೇಕಾಗಿತ್ತು. ಹೀಗೆ ಕಳೆದುಹೋದ ದಿನಗೂಲಿ ಹಾಗೂ ಬಸ್ಸಿನ ವೆಚ್ಚವು ಯಾವ ಸರ್ಕಾರಿ ಲೆಕ್ಕದಲ್ಲಿಯೂ ದಾಖಲಾಗುತ್ತಿರಲಿಲ್ಲ. ಆದುದರಿಂದಲೇ ದೂರವಾಣಿ ಇಲ್ಲದಿರುವುದು ಬಡವರಿಗೆ ಖರ್ಚಿಲ್ಲದ ಸ್ಥಿತಿ ಎಂಬ ಭ್ರಮೆ ಉಂಟಾಗಿತ್ತು.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸರ್ ಡೊನಾಲ್ಡ್ ಮೈಟ್‌ಲ್ಯಾಂಡ್ ಅವರ ಅಧ್ಯಕ್ಷತೆಯಲ್ಲಿ ರಚಿಸಿದ್ದ ಸ್ವತಂತ್ರ ಆಯೋಗವು 1984ರ ಕೊನೆಯಲ್ಲಿ ಸಿದ್ಧಪಡಿಸಿದ ವರದಿಯು ಈ ಅಭಿಪ್ರಾಯವನ್ನು ನೇರವಾಗಿ ಪ್ರಶ್ನಿಸಿತು. ಆಗ ವಿಶ್ವದಲ್ಲಿದ್ದ ಸುಮಾರು 60 ಕೋಟಿ ದೂರವಾಣಿಗಳ ಪೈಕಿ ಮುಕ್ಕಾಲು ಪಾಲು ಕೇವಲ ಒಂಬತ್ತು ರಾಷ್ಟ್ರಗಳಲ್ಲಿದ್ದವು. ಟೋಕಿಯೋ ನಗರವೊಂದರಲ್ಲಿಯೇ ಇಡೀ ಆಫ್ರಿಕಾ ಖಂಡಕ್ಕಿಂತ ಹೆಚ್ಚು ದೂರವಾಣಿಗಳಿದ್ದವು ಎಂದು ವರದಿಯು ತೋರಿಸಿಕೊಟ್ಟಿತು. ಪ್ರತಿ ಮನೆಗೂ ದೂರವಾಣಿ ಎಂಬುದು ವರದಿಯ ಗುರಿಯಾಗಿರಲಿಲ್ಲ. 21ನೆಯ ಶತಮಾನದ ಆರಂಭದ ವೇಳೆಗೆ ಪ್ರತಿಯೊಬ್ಬರಿಗೂ ಸುಲಭವಾಗಿ ತಲುಪುವಷ್ಟು ದೂರದಲ್ಲಿ ಒಂದು ದೂರವಾಣಿ ಇರಬೇಕು ಎಂಬುದಷ್ಟೇ ಅದರ ಆಶಯವಾಗಿತ್ತು.

ಕಿತ್ತೂರಿನ ವಿನಿಮಯ ಕೇಂದ್ರ

ಬೆಂಗಳೂರಿನಲ್ಲಿ 1948ರಲ್ಲಿಯೇ ಸ್ಥಾಪನೆಯಾಗಿದ್ದ ಐ.ಟಿ.ಐ. ಸಂಸ್ಥೆಯು ದೇಶಕ್ಕೆ ಬೇಕಾದ ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿತ್ತಾದರೂ, ವಿನಿಮಯ ಕೇಂದ್ರಗಳ ವಿನ್ಯಾಸವು ಬಹುಮಟ್ಟಿಗೆ ಹೊರದೇಶಗಳಿಂದಲೇ ಬರುತ್ತಿತ್ತು. ದೊಡ್ಡ ನಗರಗಳ ಡಿಜಿಟಲ್ ಕೇಂದ್ರಗಳಿಗಾಗಿ ಫ್ರಾನ್ಸಿನ ತಂತ್ರಜ್ಞಾನವನ್ನು ಪಡೆದು ಉತ್ತರ ಪ್ರದೇಶದ ಮಂಕಾಪುರದಲ್ಲಿ ಐ.ಟಿ.ಐ.ನ ಕಾರ್ಖಾನೆಯೊಂದನ್ನು ಆರಂಭಿಸಲಾಯಿತು. ಸಿದ್ಧ ತಂತ್ರಜ್ಞಾನವನ್ನು ಖರೀದಿಸಿದರೆ ಕಾಲ ಉಳಿಯುತ್ತದೆ ಎಂಬ ವಾದದಲ್ಲಿ ಹುರುಳಿತ್ತು. ಆದರೆ ಇಂತಹ ಕೇಂದ್ರಗಳನ್ನು ಗ್ರಾಮಕ್ಕೆ ಒಯ್ಯುವುದು ಸುಲಭವಾಗಿರಲಿಲ್ಲ.

1984ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಸಿ-ಡಾಟ್ ಎಂದು ಪ್ರಸಿದ್ಧವಾದ ಟೆಲಿಮ್ಯಾಟಿಕ್ಸ್ ಅಭಿವೃದ್ಧಿ ಕೇಂದ್ರವನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಹಾಗೂ ಜಿ.ಬಿ. ಮೀಮಾಂಸಿ ಅವರು ಇದರ ಮುಂದಾಳುಗಳಾಗಿದ್ದರು. ದೇಶೀಯ ಡಿಜಿಟಲ್ ವಿನಿಮಯ ಕೇಂದ್ರವನ್ನು ರೂಪಿಸಲು 36 ತಿಂಗಳ ಅವಧಿ ಹಾಗೂ 36 ಕೋಟಿ ರೂಪಾಯಿಗಳನ್ನು ನಿಗದಿಪಡಿಸಲಾಗಿತ್ತು. ದೊಡ್ಡ ಕೇಂದ್ರಗಳ ಕೆಲಸ ಉದ್ದೇಶಿತ ಅವಧಿಯನ್ನು ಮೀರಿತು ಎಂಬ ಟೀಕೆಯೂ ನಂತರ ಕೇಳಿಬಂದಿತು. ಆದರೆ 128 ಸಂಪರ್ಕ ದ್ವಾರಗಳ ಸಣ್ಣ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು 1986ರ ಜುಲೈ ತಿಂಗಳಿನಲ್ಲಿಯೇ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ರಾಣಿ ಚೆನ್ನಮ್ಮನ ಹೆಸರಿನಿಂದ ಪರಿಚಿತವಾದ ಈ ಊರಿಗೆ ದೂರಸಂಪರ್ಕದ ಇತಿಹಾಸದಲ್ಲಿಯೂ ಸ್ಥಾನವಿರುವುದು ಅನೇಕರಿಗೆ ತಿಳಿದಿಲ್ಲ.

ಈ ಕೇಂದ್ರದ ವಿಶೇಷವು ಅದರ ಗಾತ್ರದಲ್ಲಿರಲಿಲ್ಲ. ಅಂದಿನ ಡಿಜಿಟಲ್ ಕೇಂದ್ರಗಳಿಗೆ ಹವಾನಿಯಂತ್ರಿತ ಕಟ್ಟಡ ಅಗತ್ಯವಾಗಿತ್ತು. ಗ್ರಾಮದಲ್ಲಿ ಹವಾನಿಯಂತ್ರಣವೆಂದರೆ ಅದಕ್ಕೆ ತಕ್ಕ ವಿದ್ಯುತ್, ಅದು ಹೋದಾಗ ಜನರೇಟರ್, ಅದಕ್ಕೆ ಡೀಸೆಲ್, ಎಲ್ಲವನ್ನೂ ನೋಡಿಕೊಳ್ಳಲು ಸಿಬ್ಬಂದಿ ಎಂದು ಅರ್ಥ. ಹೊಸ ಕೇಂದ್ರವನ್ನು ಸೆಕೆ, ಧೂಳು ತುಂಬಿದ ಸಾಮಾನ್ಯ ಕೋಣೆಯಲ್ಲಿ ಹವಾನಿಯಂತ್ರಣವಿಲ್ಲದೆ, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವಂತೆ ವಿನ್ಯಾಸಗೊಳಿಸಲಾಗಿತ್ತು. ಇನ್ನೊಂದು ಅಂಶವೂ ಗಮನಾರ್ಹ. ಶ್ರೀಮಂತ ರಾಷ್ಟ್ರಗಳಲ್ಲಿ ಮನೆಗೊಂದು ದೂರವಾಣಿ ಇದ್ದುದರಿಂದ ಪ್ರತಿ ಸಂಪರ್ಕದ ಬಳಕೆ ಕಡಿಮೆ. ಭಾರತದಲ್ಲಿ ಒಂದು ದೂರವಾಣಿಯನ್ನು ಇಡೀ ಬೀದಿಯೇ ಬಳಸುತ್ತಿದ್ದುದರಿಂದ ಕರೆಗಳ ದಟ್ಟಣೆ ಬಹಳ ಹೆಚ್ಚು. ಈ ದಟ್ಟಣೆಯನ್ನು ತಾಳುವಂತೆಯೇ ದೇಶೀಯ ವಿನ್ಯಾಸವನ್ನು ರೂಪಿಸಲಾಯಿತು. ತಂತ್ರಜ್ಞಾನವು ಎಷ್ಟು ಆಧುನಿಕ ಎಂಬುದಕ್ಕಿಂತ ಅದು ಯಾವ ಕೋಣೆಯಲ್ಲಿ, ಯಾವ ಬಳಕೆಯ ನಡುವೆ ಕೆಲಸ ಮಾಡಬೇಕು ಎಂಬುದೇ ಇಲ್ಲಿ ನಿರ್ಣಾಯಕವಾಯಿತು.

ಒಂದು ಸಂಪರ್ಕದ ಲೆಕ್ಕ

ವೆಚ್ಚದ ಪ್ರಶ್ನೆಯನ್ನು ಕಾಲ್ಪನಿಕ ಉದಾಹರಣೆಯೊಂದರ ಮೂಲಕ ಅರಿಯಬಹುದಾಗಿದೆ. ಒಂದು ಸಂಪರ್ಕ ಒದಗಿಸಲು 30,000 ರೂಪಾಯಿ ಬಂಡವಾಳ ಬೇಕೆಂದು ಭಾವಿಸೋಣ. ಬಡ್ಡಿ, ಸವಕಳಿ ಹಾಗೂ ನಿರ್ವಹಣೆ ಸೇರಿ ವರ್ಷಕ್ಕೆ ಬಂಡವಾಳದ ಶೇ. 35ರಷ್ಟು ವೆಚ್ಚವಾದರೆ, ಆ ಸಂಪರ್ಕದಿಂದ ವಾರ್ಷಿಕ 10,500 ರೂಪಾಯಿ, ಅಂದರೆ ತಿಂಗಳಿಗೆ 875 ರೂಪಾಯಿ ವರಮಾನ ಬರಬೇಕು. ಬಂಡವಾಳವು 10,000 ರೂಪಾಯಿಗೆ ಇಳಿದರೆ ತಿಂಗಳಿಗೆ ಸುಮಾರು 292 ರೂಪಾಯಿ ಸಾಕು. 1990ರ ದಶಕದಲ್ಲಿ ಮದ್ರಾಸ್ ಐ.ಐ.ಟಿ.ಯ ಪ್ರಾಧ್ಯಾಪಕ ಅಶೋಕ್ ಝುಂಝುನ್‌ವಾಲಾ ಅವರು ಪ್ರತಿ ಸಂಪರ್ಕದ ಬಂಡವಾಳವನ್ನು ಇಳಿಸುವುದೇ ಪ್ರಧಾನ ಕಾರ್ಯವೆಂದು ಪ್ರತಿಪಾದಿಸಿದ್ದು ಇದೇ ಕಾರಣದಿಂದ; ಅವರ ತಂಡವು ರೂಪಿಸಿದ ಕಾರ್‌ಡೆಕ್ಟ್ ಎಂಬ ನಿಸ್ತಂತು ವ್ಯವಸ್ಥೆಯ ಗುರಿಯೂ ಅದೇ ಆಗಿತ್ತು.

ಬಂಡವಾಳ ಇಳಿಸುವುದು ಒಂದು ದಾರಿಯಾದರೆ, ಒಂದು ಸಂಪರ್ಕವನ್ನು ಹಲವರು ಹಂಚಿಕೊಳ್ಳುವುದು ಇನ್ನೊಂದು ದಾರಿ. ಹಳದಿ ಫಲಕದ ಎಸ್.ಟಿ.ಡಿ. ಬೂತ್‌ಗಳು ಮಾಡಿದ್ದು ಇದನ್ನೇ. ಕಮಿಷನ್ ಆಧಾರದ ಈ ಬೂತ್‌ಗಳ ಹಂಚಿಕೆಯಲ್ಲಿ ವಿಕಲಚೇತನರಿಗೆ ಆದ್ಯತೆ ನೀಡಲಾಗುತ್ತಿತ್ತು. ತಿಂಗಳಿಗೆ 875 ರೂಪಾಯಿ ತೆರಲಾಗದ ಮನೆಯು ಅಗತ್ಯ ಬಿದ್ದಾಗ ಐದು ರೂಪಾಯಿ ತೆರಬಲ್ಲದು. ರಾತ್ರಿ ದರ ಇಳಿಯುವ ಹೊತ್ತಿಗೆ ಬೂತ್‌ಗಳ ಮುಂದೆ ಸಾಲು ಬೆಳೆಯುತ್ತಿದ್ದುದನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು.

ಮೊಬೈಲ್ ಸೇವೆ ಭಾರತದಲ್ಲಿ 1995ರಲ್ಲಿ ಆರಂಭವಾಯಿತು; 2003ರಲ್ಲಿ ಒಳಬರುವ ಕರೆಗಳ ಶುಲ್ಕ ರದ್ದಾದ ಬಳಿಕ ಅದು ಜನಸಾಮಾನ್ಯರ ಕೈಗೆ ಬಂದಿತು. ಕೇರಳದ ಮೀನುಗಾರರನ್ನು ಕುರಿತು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಐಷಾರಾಮದ ವಾದಕ್ಕೆ ತಕ್ಕ ಉತ್ತರವಾಗಿದೆ. ಕಡಲಿನಿಂದಲೇ ವಿವಿಧ ದಕ್ಕೆಗಳ ದರ ವಿಚಾರಿಸಲು ಸಾಧ್ಯವಾದ ನಂತರ ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಹೆಚ್ಚಿತು, ಗ್ರಾಹಕರು ತೆರುವ ಬೆಲೆ ಶೇ. 4ರಷ್ಟು ಇಳಿಯಿತು, ಮಾರಾಟವಾಗದೆ ಹಾಳಾಗುತ್ತಿದ್ದ ಮೀನಿನ ನಷ್ಟ ತಪ್ಪಿತು.

ಉಳಿದಿರುವ ಗ್ರಾಮಗಳು

1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು 1997ರೊಳಗೆ ಎಲ್ಲ ಗ್ರಾಮಗಳಿಗೂ ದೂರವಾಣಿ ಒದಗಿಸುವ ಗುರಿ ಹೊಂದಿತ್ತು, ಅದು ಈಡೇರಲಿಲ್ಲ. ಸ್ಪರ್ಧೆಯೊಂದರಿಂದಲೇ ಗ್ರಾಮಗಳಿಗೆ ಸೇವೆ ತಲುಪದು ಎಂಬುದು ಮನವರಿಕೆಯಾದ ಬಳಿಕ 2002ರ ಏಪ್ರಿಲ್ 1ರಿಂದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯನ್ನು ಜಾರಿಗೆ ತರಲಾಯಿತು. ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಯಾದ ವರಮಾನದ ಶೇ. 5ರಷ್ಟು ಇದರ ಮೂಲ. ವಸೂಲಾದ ಹಣವು ಮೊದಲು ಭಾರತದ ಸಂಚಿತ ನಿಧಿಗೆ ಸೇರಿ, ಸಂಸತ್ತಿನ ಅನುಮೋದನೆಯ ನಂತರ ಬಿಡುಗಡೆಯಾಗುತ್ತದೆ. ಹೀಗಾಗಿ ಸಾವಿರಾರು ಕೋಟಿ ರೂಪಾಯಿಗಳು ವರ್ಷಗಟ್ಟಲೆ ವಿನಿಯೋಗವಾಗದೆ ಉಳಿದಿದ್ದವು. ನಗರದ ಗ್ರಾಹಕರಿಂದ ಗ್ರಾಮದ ಹೆಸರಿನಲ್ಲಿ ಪಡೆದ ಹಣ ಗ್ರಾಮಕ್ಕೆ ತಡವಾಗಿ ತಲುಪುವುದು ಸಣ್ಣ ಲೋಪವಲ್ಲ. 2023ರ ದೂರಸಂಪರ್ಕ ಅಧಿನಿಯಮದ ಮೇರೆಗೆ ಈ ನಿಧಿಯು ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು ಪಡೆದಿದೆ.

2024ರಲ್ಲಿಯೂ ಗ್ರಾಮೀಣ ದೂರವಾಣಿ ಸಾಂದ್ರತೆಯು ನಗರದ ಅರ್ಧಕ್ಕಿಂತ ಕಡಿಮೆಯಿತ್ತು. ಈ ಅಂಕಿಅಂಶವು ಸಂಪರ್ಕಗಳನ್ನು ಎಣಿಸುತ್ತದೆಯೇ ಹೊರತು ವ್ಯಕ್ತಿಗಳನ್ನಲ್ಲ. ಒಬ್ಬರ ಬಳಿ ಎರಡು ಸಿಮ್ ಇದ್ದರೆ ಎರಡೂ ಲೆಕ್ಕಕ್ಕೆ ಸೇರುತ್ತವೆ. ಬೂತ್‌ಗಳು ಮರೆಯಾದ ಮೇಲೆ ಹಂಚಿಕೊಳ್ಳುವ ವ್ಯವಸ್ಥೆಯೂ ಮರೆಯಾಯಿತು. ಬ್ಯಾಂಕ್, ಪಡಿತರ, ವಿದ್ಯಾರ್ಥಿವೇತನ ಮುಂತಾದವು ಮೊಬೈಲ್ ಸಂದೇಶ ಅಥವಾ ಅಂತರಜಾಲವನ್ನು ಅವಲಂಬಿಸಿರುವ ಇಂದಿನ ದಿನಗಳಲ್ಲಿ ಸಂಕೇತವಿಲ್ಲದ ಊರಿನ ನಷ್ಟವು 1980ರ ದಶಕಕ್ಕಿಂತ ಹೆಚ್ಚಿನದು. 2020ರ ಕೋವಿಡ್ ಅವಧಿಯಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಪಾಠ ಕೇಳಲು ಗುಡ್ಡ ಹತ್ತಬೇಕಾಗಿ ಬಂದುದು ಇದಕ್ಕೆ ನಿದರ್ಶನ.

ಸೇವೆ ಇಲ್ಲದ 24,680 ಗ್ರಾಮಗಳಿಗೆ 4ಜಿ ಸೌಲಭ್ಯ ಒದಗಿಸುವ 26,316 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜುಲೈನಲ್ಲಿ ಅನುಮೋದನೆ ನೀಡಿತು. ಬಿ.ಎಸ್.ಎನ್.ಎಲ್. ಇದನ್ನು ದೇಶೀಯ ಉಪಕರಣಗಳಿಂದಲೇ ಅನುಷ್ಠಾನಗೊಳಿಸುತ್ತಿದ್ದು, ಅದರ ಕೇಂದ್ರಭಾಗವನ್ನು ಸಿ-ಡಾಟ್ ಸಂಸ್ಥೆಯೂ, ಗೋಪುರದ ರೇಡಿಯೋ ಉಪಕರಣಗಳನ್ನು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಯೂ ಒದಗಿಸಿವೆ. ಘಟ್ಟ ಪ್ರದೇಶದಲ್ಲಿ ಗೋಪುರ ನಿಲ್ಲಿಸಲು ಅರಣ್ಯ ಅನುಮತಿ ಬೇಕು. ನಿಲ್ಲಿಸಿದ ಮೇಲೆ ಮಳೆಗಾಲದಲ್ಲಿ ವಿದ್ಯುತ್ ದಿನಗಟ್ಟಲೆ ಕಡಿತವಾದರೆ ಬ್ಯಾಟರಿ ಮುಗಿದು ಸೇವೆ ಸ್ಥಗಿತಗೊಳ್ಳುತ್ತದೆ. ಯೋಜನಾ ವೆಚ್ಚದಲ್ಲಿ ಐದು ವರ್ಷಗಳ ನಿರ್ವಹಣಾ ವೆಚ್ಚವೂ ಸೇರಿದೆ. ಆರನೆಯ ವರ್ಷದಿಂದ ಡೀಸೆಲ್ ಮತ್ತು ಬ್ಯಾಟರಿ ಬದಲಾವಣೆಯ ವೆಚ್ಚವನ್ನು ಯಾವ ಲೆಕ್ಕ ಶೀರ್ಷಿಕೆಯಡಿ ಭರಿಸಬೇಕು ಎಂಬುದನ್ನು ಆ ವರ್ಷ ಬರುವ ಮುನ್ನವೇ ಇತ್ಯರ್ಥಪಡಿಸುವುದು ಸೂಕ್ತ.